ತುಳಜಾಬಾಯಿ ಕೊಡದ ಚಾವಿ

"ಮಾತಾಡಬ್ಯಾಡ್ರಿ. ಚಪ್ಪಲ್ ಕಳದು ಇಳೀರಿ."

ಬೆಳಗಿನ ಐದೂಮುಕ್ಕಾಲು. ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಹದಿನೆಂಟು ವರ್ಷದ ಹಿಂದೆ ಕೆಲಸ ನಿಲ್ಲಿಸಿದ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಒಂದು ಗಣಿ. ಅದರ ಗೇಟು ಕಾಯುವ ತುಳಜಾಬಾಯಿ ನನ್ನ ಮುಂದೆ ಇಳಿಯುತ್ತಿದ್ದಾರೆ. ವಯಸ್ಸು ಅರವತ್ತರ ಆಸುಪಾಸು. ಗೇಟಿನ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾರೆ. ಅರ್ಧ ದಾರಿಯಲ್ಲಿ ನಿಂತು, ಎದುರಿನ ಕಲ್ಲಿನ ಗೋಡೆಯತ್ತ ಗದ್ದ ಎತ್ತುತ್ತಾರೆ. ನನಗೆ ಕಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಆಮೇಲೆ ಆ ಕಲ್ಲುಗಳಲ್ಲೊಂದು ಕಣ್ಣು ಬಿಡುತ್ತದೆ.

ಹೌಹಾರಿ ಹಿಂದಕ್ಕೆ ಸರಿಯುತ್ತೇನೆ. ಕಿತ್ತಳೆ ಬಣ್ಣದ ಎರಡು ಕಣ್ಣು, ತಲೆಯ ಮೇಲೆ ಕೊಂಬಿನಂತೆ ನಿಂತ ಪುಕ್ಕ, ಮೊಳದುದ್ದದ ಗೂಬೆ! ಅದರ ಹಿಂದೆ ಕಲ್ಲಿನ ಚಾಚಿನ ಮೇಲೆ ಒಂದಕ್ಕೊಂದು ಒತ್ತಿ ಕೂತ ಮೂರು ಮರಿ. "ಇದು ತಾಯಿ ರೀ. ಗಂಡು ಈಗ ಬರ್ತದ, ಇಲಿ ತಗೊಂಡು," ಎಂದು ತುಳಜಾಬಾಯಿ ನೆರೆಮನೆಯ ಸುದ್ದಿ ಹೇಳುವಂತೆ ಹೇಳುತ್ತಾರೆ.

ನಾನು ಹೌಹಾರಿದ್ದಕ್ಕೆ ಗೂಬೆಯೊಂದೇ ಕಾರಣವಲ್ಲ. ಈ ಗಣಿ ಬರಡು ಎಂದು ಪತ್ರಿಕೆಯಲ್ಲಿ ಬರೆದವನು ನಾನೇ.

ಜನವರಿಯಲ್ಲಿ ಚಿತ್ತಾಪುರದಲ್ಲಿ ಒಂದು ಸಮಾರಂಭ ನಡೆಯಿತು. ಒಂದು ಸಿಮೆಂಟ್ ಕಾರ್ಖಾನೆ, ಒಂದು ಗ್ರಾಮ ಪಂಚಾಯಿತಿ, ಪರ್ಸಿ ವ್ಯಾಪಾರಿಗಳ ಸಂಘ, ಒಂದು ಕಾಲೇಜು, ಒಂದು ಮಹಿಳಾ ಸಂಘ, ಈ ಐವರೂ ಕೂಡಿ, ಯಾವ ಕಾನೂನಿನ ಒತ್ತಾಯವೂ ಇಲ್ಲದೆ, ಈ ಭಾಗಕ್ಕೆ ಜೀವವೈವಿಧ್ಯ ಮರಳಿ ತರುತ್ತೇವೆಂದು ಮಾತು ಕೊಟ್ಟು ಸಹಿ ಹಾಕಿದರು. ಮೊದಲ ಕೆಲಸ ಈ ಗಣಿಯದು: ಕಲ್ಲಿನ ಚೂರು ಸುರಿದು ತುಂಬುವುದು, ಮೇಲೆ ಮಣ್ಣು ಹರಡುವುದು, ಮಳೆ ಹಿಡಿದಾಗ ಐದು ಸಾವಿರ ಸಸಿ ನೆಡುವುದು. ಯಾರ ಮನಸ್ಸಿನಲ್ಲೂ ಕಪಟವಿರಲಿಲ್ಲ. ನಾನೂ ಅಲ್ಲೇ ಊಟ ಮುಗಿಸಿ ಬಂದು 'ಬರಡು ಗಣಿಗೆ ಹಸಿರು ಸೆರಗು' ಎಂದು ತಲೆಬರಹ ಕೊಟ್ಟೆ. ಗಣಿಗೆ ಮಾತ್ರ ಬಂದಿರಲಿಲ್ಲ.

"ಇವು ಆರು ವರ್ಷದಿಂದ ಅದಾವ್ರಿ," ತುಳಜಾಬಾಯಿ ಪಿಸುಗುಡುತ್ತಾರೆ. "ಇವು ಅಷ್ಟೇ ಅಲ್ಲ. ಕೆಳಗ ನೀರಾಗ ಮೀನ ಅದಾವ, ಆಮಿ ಅದಾವ. ಆ ಸಂದ್ಯಾಗ ಉಡ ಅದ. ಮ್ಯಾಲ ಜೇನ. ನಾನು ಎಣಿಸಿದ್ದು ನಲವತ್ತೊಂದು ನಮೂನಿ. ಎಲ್ಲಾದರ ಹೆಸರು ಗೊತ್ತಿಲ್ರಿ, ಮಾರಿ ಗೊತ್ತದ."

ನಲವತ್ತೊಂದು! ನಾನು ನೋಟ್‌ಬುಕ್ಕಿನಲ್ಲಿ ಆ ಅಂಕಿಯನ್ನು ಎರಡು ಸಲ ಬರೆದುಕೊಳ್ಳುತ್ತೇನೆ.

ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರು ಒಂದು ಹಳೆಯ ಎಣ್ಣೆ ಡಬ್ಬಿ ತೆರೆದು ಬೂದು ಬಣ್ಣದ ಉಂಡೆಯೊಂದನ್ನು ನನ್ನ ಅಂಗೈಗೆ ಹಾಕುತ್ತಾರೆ. ನಾನು ಮುಖ ಕಿವುಚಿದ್ದು ಕಂಡು ನಗು. "ಹೊಲಸಲ್ರಿ, ಗೂಗಿ ಉಗುಳಿದ್ದು. ಒಡೀರಿ." ಬೆರಳಲ್ಲಿ ಒತ್ತಿದರೆ ಕೂದಲಿನ ನಡುವೆ ಇಲಿಯ ಮೂರು ಪುಟ್ಟ ತಲೆಬುರುಡೆ. ಫೆಬ್ರವರಿಯೊಂದರಲ್ಲೇ ತೊಂಬತ್ತಾರು ಉಂಡೆ ಆರಿಸಿದ್ದಾರಂತೆ. "ಅಷ್ಟೂ ಇಲಿ ಈ ತೊಗರಿ ಹೊಲದಾವೇ ರೀ. ಆ ಹೊಲದ ಮಂದಿನೇ ಗೂಗಿ ಅಪಶಕುನ ಅಂತ ಕಲ್ಲು ಒಗೀತಾರ. ನಾ ಬೈದು ಕಳಸ್ತೀನಿ."

ಚಿಂಚೋಳಿ ಕಡೆಯ ಹಳ್ಳಿಯ ತುಳಜಾಬಾಯಿ ಮದುವೆಯಾಗಿ ಇಲ್ಲಿಗೆ ಬಂದದ್ದು ಹದಿನಾರನೆಯ ವಯಸ್ಸಿಗೆ. ಗಂಡ ನಾಮದೇವ ಇದೇ ಗಣಿಯಲ್ಲಿ ಪರ್ಸಿ ಎಬ್ಬಿಸುತ್ತಿದ್ದ. ಇವರು ಒಡೆದ ಚೂರನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ತಂದು ಸುರಿಯುತ್ತಿದ್ದರು, ದಿನಕ್ಕೆ ಅರವತ್ತು ಬುಟ್ಟಿ. ಕಲ್ಲಿನ ದೂಳು ಎದೆಗಿಳಿದು ನಾಮದೇವ ಹೋಗಿ ಒಂಬತ್ತು ವರ್ಷ. ಆಮೇಲೆ ಗಣಿಯ ಮಾಲೀಕರಾದ ವ್ಯಾಪಾರಿಗಳ ಸಂಘದವರು ಇವರನ್ನು ಗೇಟಿಗೆ ಇಟ್ಟರು.

"ಈ ಕುಣಿ ನಾವೇ ತೋಡಿದ್ದು ರೀ. ಗೂಗಿ ಕುಂತದಲ್ಲ, ಆ ಪದರ ಬಿರಕ ಬಿಟ್ಟಿತ್ತು. ಮಾರಾಕ ಬರಂಗಿಲ್ಲಂತ ನನ್ನ ಗಂಡ ಹಂಗೇ ಬಿಟ್ಟ. ಬಿಟ್ಟಿದ್ದಕ್ಕ ಸಾಹುಕಾರ ಬೈದಿದ್ದ. ಈಗ ಅಲ್ಲೇ ಮನಿ ಮಾಡ್ಯಾವ ನೋಡ್ರಿ."

ಮೊನ್ನೆ ಗುರುವಾರ ಚೂರು ತುಂಬಿದ ಎಂಟು ಲಾರಿ ಗೇಟಿಗೆ ಬಂದು ನಿಂತವು. ಗೇಟು ತೆರೆಯುವುದೇ ಇವರ ಕೆಲಸ. ತೆರೆಯಲಿಲ್ಲ. "ಚಾವಿ ಕಳದದ ಅಂದೆ. ಸುಳ್ಳೇ ರೀ. ಮುಂದಿನ ಲಾರಿ ಡ್ರೈವರ್ ಮುಜಾಹಿದ್ ಸೆರಗಿನಾಗಿಂದು ನೋಡ್ದ. ನೋಡಿ, 'ಅಮ್ಮಾ, ಸೋಮವಾರ ಬರ್ತೀವಿ, ಅಷ್ಟ್ರಾಗ ಹುಡುಕಿ ಇಡ್ರಿ' ಅಂದು ಗಾಡಿ ತಿರುವಿದ." ಆ ಸುದ್ದಿ ಕಿವಿಗೆ ಬಿದ್ದೇ ನಾನು ಇಲ್ಲಿಗೆ ಬಂದದ್ದು.

ಇದನ್ನು ಬರೆದರೆ ನಿಮ್ಮ ಕೆಲಸ ಹೋದೀತಲ್ಲ ಎನ್ನುತ್ತೇನೆ. "ಬರೀರಿ. ಕುಣಿ ತುಂಬಿದ ಮ್ಯಾಲ ಕಾಯೋದಾದ್ರೂ ಏನದ?"

ಮೊದಲೇ ಯಾರಿಗಾದರೂ ಹೇಳಬಾರದಿತ್ತೇ?

"ಹೇಳೀನ್ರಿ. ಸಂಘದ ಆಫೀಸಿಗಿ ಎರಡು ಸಲ ಹೋಗೀನಿ. ಅಲ್ಲಿ ಏನೂ ಇಲ್ಲಂತ ಪೇಪರ್‌ನಾಗೇ ಬಂದದ, ನೀ ಏನ್ ಹೇಳ್ತಿ ಅಂದ್ರು."

ಥೂ ನನ್ನ! ಆರು ವರ್ಷ ಕಣ್ಣಿಟ್ಟು ಕಂಡ ಹೆಂಗಸಿನ ಮಾತನ್ನು ಕಾಣದವನ ಒಂದು ತಲೆಬರಹ ತಳ್ಳಿಹಾಕಿತ್ತು.

ಒಪ್ಪಂದಕ್ಕೆ ಸಹಿ ಹಾಕಿದ್ದ ಕಾಲೇಜಿನ ಉಪನ್ಯಾಸಕ ದೇವಾನಂದ ಅವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಗಂಟೆಯೊಳಗೆ ಬೈಕಿನಲ್ಲಿ ಬಂದರು. ಇಳಿದು ಗೂಬೆಯನ್ನೂ ಮರಿಗಳನ್ನೂ ನೋಡಿದರು. "ಇಳಿದು ನೋಡಬೇಕಂತ ಐದು ಮಂದಿಯೊಳಗ ಒಬ್ಬರಿಗೂ ಹೊಳೀಲಿಲ್ಲಲ್ರಿ," ಎಂದಷ್ಟೇ ಅಂದರು. ಉಳಿದ ನಾಲ್ವರನ್ನೂ ಇಂದು, ಭಾನುವಾರ ಸಂಜೆ ನಾಲ್ಕಕ್ಕೆ, ಗಣಿಯ ದಂಡೆಗೇ ಕರೆದಿದ್ದಾರೆ. ಏನಾಗುತ್ತದೋ ಗೊತ್ತಿಲ್ಲ. ಮರಿಗಳು ಹಾರಲು ಇನ್ನೂ ಇಪ್ಪತ್ತು ದಿನ ಬೇಕು. ಲಾರಿಗಳು ನಾಳೆ ಬೆಳಗ್ಗೆ ಬರುತ್ತವೆ.

ಹೊರಡುವಾಗ ತಡೆಯಲಾಗಲಿಲ್ಲ. ಆ ಪೇಪರಿನಲ್ಲಿ ಬರೆದವನು ನಾನೇ ಎಂದು ತುಳಜಾಬಾಯಿಗೆ ಹೇಳಿಬಿಟ್ಟೆ. ಬೈಯುತ್ತಾರೆಂದು ಕಾದೆ. ಅವರು ಸೆರಗಿನ ಗಂಟನ್ನು ಮತ್ತೊಮ್ಮೆ ಬಿಗಿದುಕೊಂಡರು.

"ಹಂಗಾದ್ರ ನೀವೇ ತಿರುಗಿ ಬರೀರಿ ಸಾಹೇಬ್ರ. ನನ್ನ ಹೆಸರು ಇಲ್ದಿದ್ರೂ ನಡೀತದ. ಕುಣಿ ಖಾಲಿ ಇಲ್ಲ, ಒಳಗ ಮಂದಿ ಅದಾರ ಅಂತ ಬರೀರಿ."