ಜಗಳವಾಡದ ದೊಡ್ಡಪ್ಪ

ಗೆಳೆಯರೇ, ಜಗಳವಾಡಲಿಲ್ಲ ಎಂಬ ಕಾರಣಕ್ಕೆ ಇವತ್ತು ದೊಡ್ಡಪ್ಪನನ್ನು ಆಸ್ಪತ್ರೆಗೆ ಸೇರಿಸಿದೆ.

ಪಾಲಹಳ್ಳಿಯ ಡೈರಿಗೆ ಹಾಲು ಹಾಕುವಾಗ ಕೊಬ್ಬಿನಂಶ ಅಳೆಯುವ ಮಿಷನ್ನಿನಲ್ಲಿ ಫ್ಯಾಟು ಎಷ್ಟೇ ಬರಲಿ, ದೊಡ್ಡಪ್ಪ ದಿನಾ ಹೇಳುವುದು ಒಂದೇ ಮಾತು: "ನಿನ್ ಮಿಷನ್ನೇ ಸರಿಗಿಲ್ಲ ಕಣ್ಲಾ, ಇನ್ನೊಂದ್ಸಲ ನೋಡ್ಲಾ." ಇವತ್ತು ಡೈರಿಯವನು "ಮೂರೂವರೆ" ಎಂದ. ದೊಡ್ಡಪ್ಪ "ಆಯ್ತು ಬುಡಪ್ಪ" ಎಂದು ಚೀಟಿ ಇಸಿದುಕೊಂಡು ಹೊರಟೇ ಬಿಟ್ಟರು. ಪಕ್ಕದಲ್ಲಿದ್ದ ನಾನು ಅವರ ಹಿಂದೆಯೇ ಓಡಿದೆ.

ಮೂರು ವಾರದ ಹಿಂದೆ ಅವರು ಕೊಟ್ಟಿಗೆಯಲ್ಲಿ ಜಾರಿ, ಕಂಬಕ್ಕೆ ತಲೆ ಹೊಡೆದುಕೊಂಡಿದ್ದರು. ಆಗ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಆದರೂ ಡಾಕ್ಟರು, "ರಕ್ತ ನಿಧಾನವಾಗಿ ಜಿನುಗಬಹುದು, ನಡವಳಿಕೆ ಬದಲಾದರೆ ತಕ್ಷಣ ಕರ್ಕೊಂಡ್ ಬನ್ನಿ" ಎಂದಿದ್ದರು.

ಮನೆಗೆ ಬಂದು ಹೇಳಿದರೆ ದೊಡ್ಡಮ್ಮ ನನ್ನ ಮೇಲೇ ರೇಗಿದರು. "ನಾಕ್ ದಿನದಿಂದ ಇಂಗೇ ಸುಮ್ಕವ್ರೆ. ಈಗ್ಲಾದ್ರೂ ಬುದ್ಧಿ ಬಂದದೆ, ನೀನ್ಯಾಕ್ಲಾ ಕೆಡುಸ್ತೀಯ?"

ನಾನು ಕೇಳದೆ ಇಬ್ಬರನ್ನೂ ಕಾರಿಗೆ ಹತ್ತಿಸಿ ಮೈಸೂರಿಗೆ ಕರೆದೊಯ್ದೆ. ಏನು ತೊಂದರೆ ಎಂದು ಡಾಕ್ಟರು ಕೇಳಿದರು. "ಜಗಳ ಆಡ್ತಿಲ್ಲ ಸಾರ್" ಎಂದೆ. ಅವರು ನಗಲಿಲ್ಲ, ನೇರ ಸ್ಕ್ಯಾನಿಗೆ ಕಳಿಸಿದರು. ತಲೆಬುರುಡೆಯೊಳಗೆ ರಕ್ತ ಕಟ್ಟಿತ್ತು. ಮಧ್ಯಾಹ್ನವೇ ಸಣ್ಣ ರಂಧ್ರ ಕೊರೆದು ತೆಗೆದರು.

ಸಂಜೆ ನರ್ಸಮ್ಮ ಬಿಪಿ ನೋಡಿ ಅಂಕಿ ಹೇಳಿದರು. ದೊಡ್ಡಪ್ಪ ಕಣ್ಣು ಬಿಟ್ಟರು. "ನಿನ್ ಮಿಷನ್ನೇ ಸರಿಗಿಲ್ಲ ಕಣವ್ವ, ಇನ್ನೊಂದ್ಸಲ ನೋಡು."

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಶುರುವಾಯ್ತಲ್ಲಪ್ಪ" ಎಂದರು.

ಡೈರಿಯವನಿಗೆ ಫೋನ್ ಮಾಡಿ, ಇನ್ನೊಂದು ವಾರ ಮಾತ್ರ ನೆಮ್ಮದಿಯಾಗಿರು ಎಂದು ಹೇಳಿದ್ದೇನೆ.