ದೊಡ್ಡಮ್ಮನ ಒಂಟಿ ಬೆಂಡೋಲೆಗೊಂದು ಜೊತೆ

ನನ್ನ ಮಗಳ ಮದುವೆಗೆ ಬರುವುದಿಲ್ಲ ಎಂದು ದೊಡ್ಡಮ್ಮ ಹೇಳಿಬಿಟ್ಟಳು. ಬೇರೆ ಯಾರು ಬರದಿದ್ದರೂ ನಡೆದೀತು, ಇವಳಿಲ್ಲದೆ ನನಗೆ ಅದು ಮದುವೆಮನೆಯೇ ಅಲ್ಲ. ಅಮ್ಮ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಕಾಗಾಲದ ಮನೆಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಹಾಡು, ಗಾದೆ, ಬೈಗುಳ ಎಲ್ಲವನ್ನೂ ಅನ್ನದ ತುತ್ತಿನ ಜೊತೆಗೇ ಬಾಯಿಗಿಟ್ಟವಳು. ಇವತ್ತು ನಾಲ್ಕು ಜನ ಕೂತು ನನ್ನ ಮಾತು ಕೇಳುತ್ತಾರೆಂದರೆ ಅದು ಅವಳು ಕೊಟ್ಟದ್ದು.

ಬರದಿರುವುದಕ್ಕೆ ಕಾರಣ ಇಷ್ಟೆ. ಕೆಲವು ವರ್ಷಗಳ ಹಿಂದೆ ಅಘನಾಶಿನಿ ದಾಟುವ ದೋಣಿಯಲ್ಲಿ ಅವಳ ಒಂದು ಬೆಂಡೋಲೆ ಕಳಚಿ ಹೊಳೆಗೆ ಬಿದ್ದಿತ್ತು. ಅವಳ ತಾಯಿ ಕೊಟ್ಟ ಜೋಡಿ. ಅಂದಿನಿಂದ ಯಾವ ಮಂಗಲಕಾರ್ಯಕ್ಕೂ ಕಾಲಿಟ್ಟವಳಲ್ಲ. ಬೇರೆ ಓಲೆ ಮಾಡಿಸುತ್ತೇನೆ ಎಂದರೆ, "ಎನ್ನ ಕಿವಿಗೆ ಇದೇ ಓಲೆ ಗೊತ್ತಿಪ್ಪುದು ಕೂಸೇ. ಆನು ಬತ್ನಿಲ್ಲೆ," ಎಂದಳು. ಅಳಿಯನನ್ನು ತರುವ ವಯಸ್ಸಾದರೂ ಅವಳಿಗೆ ನಾನಿನ್ನೂ ಕೂಸೇ.

ಉಳಿದ ಒಂದನ್ನು ಭಟ್ಕಳದ ಒಬ್ಬ ಅಕ್ಕಸಾಲಿಗರಿಗೆ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಒಳಗೆ ಅರಗು ತುಂಬಿದ್ದಾರೆ ಅಕ್ಕಾ. ನಮ್ಮ ರಬ್ಬರ್ ಅಚ್ಚಿಗೆ ಬಿಸಿ ಕೊಡಬೇಕು, ಅರಗು ಕರಗಿ ಇದೂ ಹಾಳಾದೀತು. ನೀವು ಬಿಸಿಯಿಲ್ಲದೆ ಅಚ್ಚು ತೆಗೆದು, ಇಂಥದ್ದೇ ಒಂದು ಮೇಣದ ಓಲೆ ಮಾಡಿ ತನ್ನಿ. ಅದನ್ನಿಟ್ಟುಕೊಂಡು ಬಂಗಾರದ ಎರಕ ನಾನು ಹೊಯ್ತೇನೆ."

ಹೊನ್ನಾವರದ ಗೆಳತಿಯ ಮನೆಯವರಿಗೆ ರಬ್ಬರ್ ತೋಟವಿದೆ. ಹೆಪ್ಪುಗಟ್ಟದಂತೆ ಮದ್ದು ಹಾಕಿದ ರಬ್ಬರ್ ಹಾಲನ್ನು ಬಾಟಲಿಯಲ್ಲಿ ಕಳಿಸಿದಳು. ಮುಚ್ಚಳ ತೆಗೆದರೆ ಮದ್ದಿನ ಘಾಟಿಗೆ ಕಣ್ಣಲ್ಲಿ ನೀರು! ಆ ಹಾಲನ್ನು ಓಲೆಯ ಮೇಲೆ ಕುಂಚದಿಂದ ತೆಳ್ಳಗೆ ಹಚ್ಚಿ ಒಣಗಿಸಬೇಕು, ಮೇಲೆ ಮತ್ತೊಂದು ಪದರ, ಮತ್ತೊಂದು. ದಪ್ಪವಾದ ಮೇಲೆ ಕಾಲುಚೀಲದ ಹಾಗೆ ಸುಲಿದು ತೆಗೆದರೆ ಅದೇ ಅಚ್ಚು.

ಓಲೆಯ ಹಿಂದೆಯೇ ದೊಡ್ಡಮ್ಮನೂ ನಮ್ಮ ಕುಮಟಾದ ಮನೆಗೆ ಬಂದಳು. ನಾನು ಕುಂಚ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಓಲೆ ಮಿರಮಿರ ಮಿಂಚುತ್ತಿತ್ತು.

"ಎಂತ ಮಾಡ್ದೆ ದೊಡ್ಡಮ್ಮಾ?"

"ತೆಂಗಿನೆಣ್ಣೆ ಸವರಿದೆ. ಹಲಸಿನಕಾಯಿ ಕೊರೆವಾಗ ಕೈಗೆ ಎಣ್ಣೆ ಹಚ್ಚದಿದ್ರೆ ಮೇಣ ಬಿಡ್ತ? ಇದೂ ಮರದ ಹಾಲೇ ಅಲ್ದ?"

ಹೌದಲ್ಲ! ನಾನೂ ಹಲಸು ತಿಂದು ಬೆಳೆದವಳೇ. ಆ ಎಣ್ಣೆಯ ಮೇಲೆಯೇ ರಬ್ಬರ್ ಹಾಲು ಹಚ್ಚಿದೆ.

ರಬ್ಬರಿಗೆ ಎಣ್ಣೆ ಆಗುವುದಿಲ್ಲ. ಸುಲಿಯಲು ಹೋದರೆ ಒಳಮೈ ಲೊಳಲೊಳ ಅಂಟಾಗಿ, ಓಲೆಯ ಹೂವಿನ ಎಸಳುಗಳ ಸಂದಿಯಲ್ಲೆಲ್ಲ ಕೂತುಬಿಟ್ಟಿತ್ತು. ದೊಡ್ಡಮ್ಮನ ಮುಖ ಸಣ್ಣದಾಯಿತು.

"ಇದೂ ಹೋತಾ ಕೂಸೇ?"

ನಾನು ಬಿಸಿನೀರಿಗೆ ಓಡಿದರೆ ಅವಳೇ ತಡೆದಳು. "ಬ್ಯಾಡ, ಒಳಗೆ ಅರಗು ಇದ್ದು." ತಣ್ಣೀರಲ್ಲಿ ಅಂಟವಾಳ ನೆನೆಸಿ ನೊರೆ ಮಾಡಿ, ಕಿಟಕಿಯ ಬೆಳಕಿಗೆ ಕೂತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಎಸಳು ಬಿಡಿಸಿದಳು. ಚಿಕ್ಕಂದಿನಲ್ಲಿ ನನ್ನ ತಲೆಯ ಸಿಕ್ಕು ಬಿಡಿಸುತ್ತಿದ್ದದ್ದು ಹೀಗೇ, ನೋಯಿಸದೆ. ಸಂಜೆಯ ಹೊತ್ತಿಗೆ ಓಲೆ ಹೊಸದಾಗಿ ಹುಟ್ಟಿಬಂದಂತಿತ್ತು.

ಈ ಸಲ ಎಣ್ಣೆಯ ಬದಲು ಅಂಟವಾಳದ ನೊರೆಯನ್ನೇ ತೆಳ್ಳಗೆ ಸವರಿ ಒಣಗಿಸಿದೆವು. ಮತ್ತೆ ಪದರ ಪದರವಾಗಿ ಹಚ್ಚಿದ ರಬ್ಬರ್ ಸಲೀಸಾಗಿ ಬಿಟ್ಟುಕೊಂಡು ಬಂತು. ಅಚ್ಚು ಸೊಟ್ಟಗಾಗದಂತೆ ಅಕ್ಕಿಯ ಬಟ್ಟಲಲ್ಲಿ ಹೂತು, ಕರಗಿಸಿದ ಜೇನುಮೇಣ ಹೊಯ್ದೆ. ಆರಿದ ಮೇಲೆ ತೆಗೆದರೆ, ಎಸಳೆಸಳೂ ಹಾಗೇ! ದೊಡ್ಡಮ್ಮ ಅಂಗೈಯಲ್ಲಿಟ್ಟು ಮೂಸಿ ನೋಡಿದಳು.

"ಇದನ್ನೇ ಹಾಕ್ಯಂಡು ಬತ್ತೆ ತಗ."

"ಹೋಮದ ಹತ್ರ ಕೂತ್ರೆ ಕರಗಿ ಹೆಗಲಿಗೆ ಇಳಿತು!"

ಎಷ್ಟೋ ಕಾಲದ ಮೇಲೆ ಅವಳು ಬಾಯಿ ತುಂಬಾ ನಕ್ಕಳು.

ಭಟ್ಕಳದಿಂದ ಬಂಗಾರದ ಓಲೆ ಬಂದಾಗ ಹಳೆಯದರ ಪಕ್ಕದಲ್ಲಿಟ್ಟು ನೋಡಿದೆ. ಒಣಗುವಾಗ ರಬ್ಬರ್ ಸ್ವಲ್ಪ ಕುಗ್ಗಿತ್ತಂತೆ, ಹೊಸದು ಒಂದು ಕೂದಲೆಳೆ ಸಣ್ಣದು. ಹೆದರುತ್ತಲೇ ಹೇಳಿದೆ. ದೊಡ್ಡಮ್ಮ ಎರಡನ್ನೂ ಹಾಕಿಕೊಂಡು ಕನ್ನಡಿಯ ಮುಂದೆ ಮುಖ ಆ ಕಡೆ ಈ ಕಡೆ ತಿರುಗಿಸಿದಳು.

"ಎನ್ನ ಎರಡು ಕಿವಿ ಎಂತ ಒಂದೇ ಅಳತೆ ಇದ್ದ? ಆತು ಬಿಡು."

ಮದುವೆಯ ದಿನ ಹೆಂಗಸರ ನಡುವೆ ಕೂತು ಮೊದಲ ಹಾಡು ಎತ್ತಿದವಳು ಅವಳೇ. ನಡುವೆ ಒಂದು ಸಾಲು ಮರೆತು ನನ್ನತ್ತ ನೋಡಿದಳು. ಹೇಳಿಕೊಟ್ಟೆ. ಅವಳೇ ಕಲಿಸಿದ ಸಾಲು ಅದು.