ಇನ್ನೂ ತೋರಿಸದ ಕುಬಸದ ಫೋಟೊ

ಸ್ವಲ್ಪ ತಡೆಯಿರಿ. ನಾನು ತೆಗೆದ ಫೋಟೊಗಳಲ್ಲಿ ನನಗೆ ತುಂಬ ಇಷ್ಟವಾದದ್ದನ್ನು ನಿಮಗೆ ತೋರಿಸಬೇಕು ಅಂತ ಆಸೆ ಇದೆ, ಆದರೆ ಈಗ ಆಗುವುದಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ, ಕಾಯುವುದು ಸುಲಭವಾದೀತು.

ನನಗೆ ಫೋಟೊ ತೆಗೆಯುವುದನ್ನು ಯಾರೂ ಕಲಿಸಿಲ್ಲ. ಗಂಗಾವತಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಮೊಬೈಲಿನಲ್ಲಿ ನೋಡುವ ಈಗಿನವರ ಫೋಟೊಗಳು, ಇಷ್ಟೇ ನನ್ನ ಸಾಲೆ. ಅವರಲ್ಲಿ ಒಬ್ಬ ಹೆಣ್ಣುಮಗಳು ಹಾಕುವ ಚಿತ್ರಗಳಲ್ಲಿ ಮುಖವೇ ಇರುವುದಿಲ್ಲ. ಅಂಗಳಕ್ಕೆ ಬಿದ್ದ ನೆರಳು, ಬಾಗಿಲ ಹಿಂದಿನ ಕೈ, ಹಗ್ಗದ ಮೇಲಿನ ಸೀರೆ. ಆದರೂ ಆ ಮನೆಯಲ್ಲಿ ಎಂಥವರಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ನಮ್ಮ ಕಡೆ ಇದು ನಡೆಯುವುದಿಲ್ಲ. ಮದುವೆ ಫೋಟೊದಲ್ಲಿ ಬೀಗರ ಕಿವಿ ಕಟ್ಟಾದರೂ ಮಾತು ಬರುತ್ತದೆ.

ಈ ಕೆಲಸ ಸಿಕ್ಕಿದ್ದು ಕುಕನೂರಿನ ಒಂದು ಮನೆಯಲ್ಲಿ. ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬುತ್ತಿದ್ದರು. ನಾನು ಒಳಗೆ ಕಾಲಿಡುತ್ತಲೇ ಮನೆಯ ಆಯಿ, ಅಂದರೆ ಬಸುರಿಯ ಗಂಡನ ಅಜ್ಜಿ, ಪಕ್ಕಕ್ಕೆ ಕರೆದರು.

“ತಮ್ಮಾ, ಎದಿಮಟ ಅಷ್ಟ ತಗಿ. ಹೊಟ್ಟಿ ಬರಬಾರದು. ಹೋದ ಸಲ ತಗಿಸಿದ್ವಿ, ಕೂಸು ನಿಲ್ಲಲಿಲ್ಲ.”

ಅಲ್ಲಿಂದ ನನಗೆ ಅದೇ ಕೆಲಸ. ಒಂದೊಂದು ಫೋಟೊ ತೆಗೆದಾಗಲೂ ಕ್ಯಾಮೆರಾದ ಪರದೆ ನೋಡುವುದು, ಸೆರಗಿನ ಕೆಳಗೆ ಏನಾದರೂ ಬಂತೇ ಅಂತ. ಆರತಿಯ ಹೊತ್ತಿಗೆ ತಲಬಾಗಿಲಿಂದ ಬಿಸಿಲು ನುಗ್ಗಿ, ಸುಣ್ಣದ ಗೋಡೆಯ ಮೇಲೆ ಬಸುರಿಯ ನೆರಳು ಮೂಡಿತು. ಬಾಗಿದ ಕತ್ತು, ಕೈತುಂಬ ಬಳೆ. ನೆರಳು ತಾನೇ, ಹೊಟ್ಟೆಯಲ್ಲವಲ್ಲ ಅಂದುಕೊಂಡು ಒತ್ತಿದೆ.

ಆರತಿ ಹಿಡಿದ ಹೆಂಗಸೊಬ್ಬರು ನಕ್ಕರು. “ಯಾಕಪಾ, ಗ್ವಾಡಿಗೂ ಕುಬಸ ಮಾಡೂದೈತೇನು?”

ಪರದೆ ನೋಡಿದೆ. ಸೆರಗು ಮುಚ್ಚಿಟ್ಟದ್ದೆಲ್ಲ ಗೋಡೆಯ ಮೇಲೆ ದುಂಡಗೆ ಬಂದುಬಿಟ್ಟಿತ್ತು. ಆಯಿ ಕೈ ಚಾಚಿದರು, ಕೊಡದೆ ವಿಧಿಯಿರಲಿಲ್ಲ. ಅವರು ನೋಡುತ್ತಲೇ ಇದ್ದರು. ಈಗಲೇ ಅಳಿಸು ಅಂತ ಕ್ಯಾಮೆರಾ ವಾಪಸ್ ಕೊಟ್ಟರು. ನಾನು ಬಟನ್ ಮೇಲೆ ಬೆರಳಿಟ್ಟೆ.

ಅಷ್ಟರಲ್ಲಿ ಮಣೆಯ ಮೇಲೆ ಕುಳಿತಿದ್ದ ಬಸುರಿ ತಮಗೂ ಒಮ್ಮೆ ತೋರಿಸಲು ಹೇಳಿದರು. ನೋಡಿದರು. ಬಳೆಗಳ ಸದ್ದಾಯಿತು, ಕೈ ಹೊಟ್ಟೆಯ ಮೇಲೆ ಹೋಗಿತ್ತು. ಆಮೇಲೆ ಮೆಲ್ಲಗೆ ಅಂದರು.

“ಇರ್ಲಿ ಬಿಡ್ರಿ ಆಯಿ. ಹೋದ ಸಲದ್ದು ಎಲ್ಲಾ ಅಳಿಸಿದ್ವಿ. ಅದು ಇತ್ತು ಅನ್ನಾಕ ನನ್ನ ಹತ್ರ ಒಂದೂ ಫೋಟೊ ಇಲ್ಲ.”

ಆಯಿ ಆರತಿ ತಟ್ಟೆಯ ಕುಂಕುಮ ತೆಗೆದು ಬಸುರಿಯ ಹಣೆಗೆ ಇನ್ನೊಮ್ಮೆ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಯಾರಿಗೂ ತೋರಸಬ್ಯಾಡ. ಕೂಸು ಬಂದು ಅತ್ತ ಮ್ಯಾಲೆ ಕೊಡು.”

ಬೇರೆಲ್ಲ ಫೋಟೊ ಕಂಪ್ಯೂಟರಿಗೆ ಹಾಕಿದೆ. ಇದೊಂದು ಮಾತ್ರ ಕ್ಯಾಮೆರಾದ ಕಾರ್ಡಿನಲ್ಲೇ ಇದೆ, ತೆಗೆದು ನೋಡುವುದಕ್ಕೂ ಧೈರ್ಯವಿಲ್ಲ. ಅವರಿಗೆ ತಿಂಗಳು ತುಂಬುತ್ತಿದೆ. ಆ ಮನೆಯ ನಂಬರಿನಿಂದ ಫೋನ್ ಬಂದರೆ ಎತ್ತಲು ಕೈ ಹಿಂದೇಟು ಹಾಕುತ್ತದೆ. ಮೊನ್ನೆ ಬಂತು. ಆಲ್ಬಂ ಯಾವಾಗ ಅಂತ ಕೇಳಿದರು, ಅಷ್ಟೇ.

ನಿಮ್ಮ ಹತ್ತಿರವೂ ಹೀಗೆ ಯಾರಿಗೂ ತೋರಿಸದೆ ಇಟ್ಟುಕೊಂಡ ಫೋಟೊ ಇದೆಯೇ? ಫೋಟೊ ಕಳಿಸಬೇಡಿ, ಯಾಕೆ ಇಟ್ಟಿದ್ದೀರಿ ಅಂತ ಬರೆಯಿರಿ. ಕೂಸು ಅತ್ತಿತು ಅಂತ ಫೋನ್ ಬರುವವರೆಗೆ ಓದುತ್ತಿರುತ್ತೇನೆ.